ಹಿಂದಿನ ಬಲಗಡೆ ಸ್ಪೀಕರು

ನಗಬ್ಯಾಡ ಮದರಸಾಬ. ಯಾಕ ನಗತಿ? ಅರವತ್ತೊಂಬತ್ತು ವರ್ಷದ ಮುದುಕಿ ವಹಿಯೊಳಗ ‘ಬಿಟ್ ರೇಟ್’ ಅಂತ ಬರಕೊಂಡು ಬಂದಾಳ ಅಂತನಾ? ನಗು, ನಗು. ನಾ ಧಾರವಾಡದಾಗ ಬಿ.ಎ. ಮಾಡುವಾಗ ಈ ರೋಣದ ಕಡಿಂದ ಹೋದ ಹೆಣ್ಣುಮಕ್ಕಳು ಬರೇ ಮೂರು ಮಂದಿ. ಈ ಸುವರ್ಣಾ ಹೊಸಾದಕ್ಕ ಯಾವತ್ತೂ ಹೆದರಿದಾಕಿ ಅಲ್ಲ. ಹದಿನೈದು ದಿನ ಓದಿದೆ, ತಿಳಕೊಂಡೆ, ಬರಕೊಂಡೆ. ಆ ಖುರ್ಚಿ ಸ್ವಲ್ಪ ಆ ಕಡೆ ಸರಿಸು. ನನಗೂ ಪರದೆ ಕಾಣಬೇಕು.

ಹಾಂ, ಎಲ್ಲಿದ್ವಿ? ಚಿತ್ರ. ನಮ್ಮನಿ ಕಾರ್ಯಾನ ನಿನ್ನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತೈದು ಚಿತ್ರದಂಗ ಹಿಡದೈತಿ. ಬ್ಲೂ-ರೇ ಡಿಸ್ಕಿಗೆ ಅದು ಹಂಗ ನೇರ ನಡಿಯೂದಿಲ್ಲ, ಐವತ್ತರ ಇಂಟರ್‌ಲೇಸಿನ್ಯಾಗ ಕೂಡ್ರಸಬೇಕು. ಹೌದಲ್ಲ? ನೋಡು, ಗೋಣು ಹಾಕಿದಿ. ಇಪ್ಪತ್ತನಾಲ್ಕಕ್ಕ ಬದಲಾಸಬ್ಯಾಡ ಮತ್ತ. ಆರತಿ ಎತ್ತೋ ಕೈ ಜಿಗದು ಜಿಗದು ಕಾಣತಾವು.

ಇನ್ನ ಧ್ವನಿ... ಧ್ವನಿ ಮುಖ್ಯ. ಕಾರ್ಯಾ ಎರಡು ತಾಸು ಐವತ್ತು ನಿಮಿಷದ್ದು, ಡಿಸ್ಕು ಇಪ್ಪತ್ತೈದು ಜಿ.ಬಿ. ನೀ ಹೇಳಿದಂಗ ಧ್ವನಿ ಹಿಂಡಿ ಡಾಲ್ಬಿ ಆರನೂರ ನಲವತ್ತು ಕಿಲೋಬಿಟ್ ಹಾಕಿದ್ರ ಚಿತ್ರಕ್ಕ ಸೆಕೆಂಡಿಗೆ ಹದಿನೆಂಟು ಮೆಗಾಬಿಟ್ ಸಿಗತೈತಿ. ಧ್ವನಿ ಒಂದಿಷ್ಟೂ ಹಿಂಡದ ಪೂರ್ತಿ ಇಟ್ರ ಚಿತ್ರ ಹದಿನಾಲ್ಕಕ್ಕ ಇಳೀಬೇಕು. ಇಳೀಲಿ! ಏನ ಹೋಗತೈತಿ? ಮುಖ ಎಲ್ಲಾರೂ ನೋಡ್ಯಾರ. ಮಾತು ಕೇಳಬೇಕಾಗೇತಿ. ಪಿಸುಮಾತು ಸೈತ ಕೇಳಬೇಕು.

ಏನಂದಿ? ಪೆನ್ ಡ್ರೈವಾ? ಬ್ಯಾಡೋ ಮಾರಾಯಾ. ಪೆನ್ ಡ್ರೈವಿನ್ಯಾಗಿಂದ ಯಾರರ ಅಳಿಸಿದ್ರ? ಡಿಸ್ಕು, ನೀವು ‘ಬರ್ನ್’ ಅಂತೀರಲ್ಲ, ಒಮ್ಮೆ ಸುಟ್ಟರ ಸುಟ್ಟಂಗ. ತಿದ್ದಾಕ ಬರೂದಿಲ್ಲ, ಅಳಸಾಕ ಬರೂದಿಲ್ಲ. ನನಗ ಅದಕ್ಕ ಅದು ಮನಸಿಗೆ ಬಂದೈತಿ. ನಾ ನಲವತ್ತೇಳು ವರ್ಷ ವಹಿ ಬರದೀನಿ ಮದರಸಾಬ. ಮನಿಯೊಳಗ ಯಾರು ಹುಟ್ಟಿದ್ರು, ಯಾರಿಗೆ ಯಾವಾಗ ಜ್ವರಾ ಬಂತು, ಯಾರು ಯಾವ ಕಾರ್ಯಾಕ್ಕ ಬಂದ್ರು, ಯಾರು ಬರಲಿಲ್ಲ... ಎಲ್ಲಾ ಐತಿ. ಒಂದ ಸಾಲು ಹೊಡದ ಹಾಕಿಲ್ಲ. ಒಂದ!

ಹನ್ನೊಂದು ಕಾಪಿ. ಹನ್ನೊಂದು ಮನಿ. ನರೇಗಲ್ಲಿಗೆ ನಾಕು, ಇಟಗಿಗೆ ಎರಡು... ಪಟ್ಟಿ ಕೊಡತೀನಿ. ಪ್ಲೇಯರ್ ಇಲ್ಲದವರು ಇಟ್ಕೊಳ್ಳಲಿ, ನೋಡಬೇಕಂದಾಗ ನಮ್ಮನಿಗೆ ಬರಲಿ. ಹನ್ನೆರಡನೇದು ಅಕಿಗೆ. ಅಕಿದು ಬ್ಯಾರೆ ಡಬ್ಬಿಯೊಳಗ ಹಾಕು, ಚಂದಂದು. ಮ್ಯಾಲ ಪೂರ್ತಿ ಹೆಸರ ಬರಿ. ಶಂಕ್ರವ್ವ ಮಹಾಲಿಂಗಪ್ಪ ಅಂತ.

ಯಾಕ? ಆ ಹೆಸರ ತಗೊಂಡ ಕೂಡಲೆ ಯಾಕ ಮೌಸ್ ಬಿಟ್ಟಿ?

ನಿನಗ ಗೊತ್ತಿಲ್ಲದ್ದೇನೈತಿ. ನೀನ ಅಲ್ಲೇನು ಆವತ್ತ ಶೂಟಿಂಗಿಗೆ ಬಂದಾಂವ? ನಾಕು ವರ್ಷದ ಹಿಂದ, ನನ್ನ ಮಮ್ಮಗಳು ವಿದ್ಯಾಶ್ರೀದು ನಿಶ್ಚಯ ಕಾರ್ಯಾ. ನರಗುಂದದ ಮಂದಿ. ಕಾಳಿನ ವ್ಯಾಪಾರ, ಕೆನಾಲ್ ನೀರಿನ ಹೊಲಾ, ಒಬ್ಬನ ಮಗಾ. ಸಕ್ರಿ ಹಂಚಿ ನಕ್ಕೋತ ಹೋದ್ರು. ಎಂಟ ದಿನಕ್ಕ ಫೋನು. ‘ಹುಡುಗಿಗೆ ಮೂರ್ಛಿ ಬರತೈತಂತ, ನಿಮ್ಮ ಮನಿಯವರ ಬಾಯಿಂದನ ಕೇಳೇವಿ, ನಮಗ ಬ್ಯಾಡ’. ನಮ್ಮ ಮನಿಯವರ ಬಾಯಿಂದ! ಕೂಸು ಎಂಟನೇತ್ತಾ ಇದ್ದಾಗ ಎರಡ ಸಲ ಬಂದಿದ್ದು. ಹುಬ್ಬಳ್ಳಿ ದವಾಖಾನಿಗೆ ತೋರಿಸಿ, ಗುಳಿಗಿ ನುಂಗಿಸಿ, ಬಿಡಿಸಿ, ಎಲ್ಲಾ ಮುಗದು ಹೋದ ಮಾತು. ಆ ಕೂಸು ಒಂದು ವರ್ಷ ಮನಿ ಬಿಟ್ಟು ಹೊರಗ ಬರಲಿಲ್ಲೋ. ಕನ್ನಡಿ ಮುಂದ ಸೈತ ನಿಲ್ಲಲಿಲ್ಲ.

ಆಡಿದಾಕಿ ಯಾರು? ಇನ್ನ್ಯಾರು? ನನ್ನ ನೆಗೆಣ್ಣಿ. ನಮ್ಮನಿಯವರ ತಮ್ಮನ ಹೇಣ್ತಿ. ಅಕಿ ಬಿಟ್ರ ಆ ಸುದ್ದಿ ಗೊತ್ತಿದ್ದವರು ಮನಿಯವರು ಅಷ್ಟ. ನಾ ಆವತ್ತ ಸಂಜಿಗೇನ ವಹಿಯೊಳಗ ಬರದೆ. ಬರದ ಮ್ಯಾಲ ಮುಗೀತು. ಅಕಿಗೆ ನಮ್ಮ ಹೊಸ್ತಿಲಾ ಬಂದ್. ದೀಪಾವಳಿಗೆ ಕರಿಯಲಿಲ್ಲ, ಕುಬಸಕ್ಕ ಕರಿಯಲಿಲ್ಲ. ಹೋದ ವರ್ಷ ಮೈದುನ ಮಹಾಲಿಂಗಪ್ಪ ತೀರಕೊಂಡ. ಮಣ್ಣಿಗೆ ಬರ್ರಿ ಅಕ್ಕಾ ಅಂತ ಅಕಿ ಹೇಳಿ ಕಳಿಸಿದ್ಲು. ನಾ... ನಾ ಹೋಗಲಿಲ್ಲ. ಇವರನ್ನೂ ಬಿಡಲಿಲ್ಲ. ಒಡಹುಟ್ಟಿದ ತಮ್ಮನ ಮಣ್ಣಿಗೆ ಇವರು ಹೋಗಲಿಲ್ಲ ನೋಡು. ಬಾಗಲದಾಗ ಚಪ್ಪಲಿ ಹಾಕ್ಕೊಂಡು ನಿಂತಿದ್ರು, ನಾ ತಿರುಗಿ ಒಳಗ ಬರ್ರಿ ಅಂದೆ.

ಹಂಗ ನೋಡಬ್ಯಾಡ. ನೀ ಪಟ್ಟಿರ್ತಿಯೇನು ನಾ ಪಟ್ಟದ್ದು?

ಈಗ ಯಾಕ ಅಂತ ಕೇಳು. ಈಗ ವಿದ್ಯಾಶ್ರೀಗ ಗಜೇಂದ್ರಗಡದ ಹುಡುಗ ಕೂಡ್ಯಾನ. ಚಲೋ ಹುಡುಗ, ಎಲ್ಲಾ ತಿಳದನ ಒಪ್ಯಾನ. ಬರೂ ರವಿವಾರ ಮಗ್ಗದವರ ಮನ್ಯಾಗಿಂದ ಸೀರಿ ತಂದು ಎಲ್ಲಾರಿಗೂ ತೋರಸೂದು, ಹನ್ನೊಂದೂ ಮನಿ ಕೂಡತಾವು. ಇಷ್ಟ್ರಾಗ ಆ ಹುಡುಗಿ ಏನಂದ್ಲು ಗೊತ್ತೈತೇನು? ‘ಆಯೀ, ಅರಿಷಿಣ ಮೊದಲ ಹಚ್ಚಾಕಿ ನನಗ ಸಣ್ಣಾಯಿನ ಬೇಕು.’ ಶಂಕ್ರವ್ವ ಬೇಕಂತ! ಅಕಿನ ನಿನ್ನ ನಸೀಬ ಕೆಡಿಸಿದಾಕಿ ಅಂದ್ರ, ‘ಪುರಾವೆ ತೋರಿಸು ಆಯೀ. ತೋರಿಸಿದ್ರ ಬ್ಯಾಡ. ಇಲ್ಲಾಂದ್ರ ನಾನ ಹೋಗಿ ಕರಕೊಂಡು ಬರತೀನಿ’. ನನಗ! ನನಗ ಪುರಾವೆ ಕೇಳತಾಳ. ನನ್ನ ವಹಿ ಇರೂವಾಗ!

ಆತು. ತೋರಸತೀನಿ. ಕರೀಲಿ, ಶಂಕ್ರವ್ವನೂ ಬರಲಿ. ಮುಂದಿನ ಸಾಲಿನ್ಯಾಗ ಕೂಡ್ರಸತೀನಿ, ನಾನ ಕೈಯಾರೆ ಚಹಾ ಕೊಡತೀನಿ. ಮಗ ಸಿದ್ದಲಿಂಗ ತಂದಾನಲ್ಲ, ಆರು ಸ್ಪೀಕರಿಂದು, ಗ್ವಾಡಿಯಷ್ಟು ಪರದೆ... ಚಿತ್ರ ಓಡತಿರಬೇಕು, ಎಲ್ಲಾರೂ ನಗತಿರಬೇಕು, ಆಗ ಹಿಂದಿನ ಬಲಗಡೆ ಸ್ಪೀಕರಿನ್ಯಾಗಿಂದ ಅಕಿ ದನಿ ಬರಬೇಕು. ಅಕಿ ಹಿಂದಿಂದನ! ತಿರುಗಿ ನೋಡಬೇಕು. ಎಲ್ಲಾರೂ ಅಕಿ ಮಾರಿ ನೋಡಬೇಕು.

ಹಾಂ, ಈಗ ಕೆಲಸಕ್ಕ ಬಾ. ಒಂದು ತಾಸು ಹನ್ನೆರಡು ನಿಮಿಷಕ್ಕ ಹೋಗು. ಹಿಂದಿನ ಬಲಗಡೆ ಚಾನೆಲ್ಲು, ಅಡಗಿಮನಿ ಬಾಗಲ ಹತ್ರ ಇಟ್ಟಿದ್ದಿಯಲ್ಲ ಆ ಮೈಕು. ಕೇಳಿದೇನು? ಅಕಿದ ದನಿ, ಸಂಶೇನ ಇಲ್ಲ. ‘ಯವ್ವಾ, ಆ ಹುಡುಗಿಗೆ ಒಂದೀಟ ಗಾಳಿ ಬಿಡ್ರಿ, ಈ ಸೆಕಿಗೆ ಮೂರ್ಛಿ ಬರತೈತಿ.’ ಈಗ ನೋಡು... ‘ಆ ಹುಡುಗಿಗೆ’ ಇರಲಿ. ‘ಒಂದೀಟ ಗಾಳಿ ಬಿಡ್ರಿ, ಈ ಸೆಕಿಗೆ’ ತಗದು ಬಿಡು. ‘ಮೂರ್ಛಿ ಬರತೈತಿ’ ಇರಲಿ. ಕೂಡಿಸಿ ಅದನ್ನ ನಲವತ್ತೆರಡನೇ ನಿಮಿಷಕ್ಕ ತಂದಿಡು. ಬೀಗತಿ ಕೂತಾಳಲ್ಲ, ನರಗುಂದದಾಕಿ, ಅಲ್ಲಿ.

ಯಾಕ ತಲಿ ಅಲ್ಲಾಡಸತಿ? ಆಗೂದಿಲ್ಲಾಂತೀಯೋ, ಮಾಡೂದಿಲ್ಲಾಂತೀಯೋ? ಮಾತು ಅಕಿದ ಅಲ್ಲೇನು? ನಾ ಏನ ಹೊಸಾದು ಹುಟ್ಟಿಸಿ ಹೇಳಾಕ ಹಚ್ಚೀನೇನು? ಆವತ್ತ ಬ್ಯಾರೆ ಎಲ್ಲೋ ಮೈಕ್ ಇಲ್ಲದ ಕಡೆ ಆಡ್ಯಾಳ. ಅದನ್ನ ಮೈಕ್ ಇದ್ದ ಕಡೆ ತರಸಾಕ ಹತ್ತೀನಿ, ಅಷ್ಟ. ನ್ಯಾಯಾ ಇದು.

ಮತ್ತ ಇನ್ನೊಂದು. ನಡುವಿನ ಚಾನೆಲ್ಲು, ಸೆಂಟರ್ ಅಂತೀರಲ್ಲ, ನನ್ನ ಸೆರಗಿಗೆ ಚುಚ್ಚಿದ್ದಿಯಲ್ಲ ಸ್ವಾಗತ ಭಾಷಣಕ್ಕ, ಆ ಸಣ್ಣ ಮೈಕಿಂದು... ಅದನ್ನ ನಾ ಕೇಳಿಲ್ಲ. ಹೋದ ತಿಂಗಳ ನೀ ಬಿಡಿಬಿಡಿಯಾಗಿ ಕೊಟ್ಟ ಆರು ಚಾನೆಲ್ಲಿನೊಳಗ ಐದ ಕೇಳಿದೆ. ನನ್ನ ಭಾಷಣ ನಾನ ಏನ ಕೇಳೂದು? ಅದಕ್ಕ, ಅದನ್ನ ನಲವತ್ತೊಂದು ನಿಮಿಷ ಹತ್ತು ಸೆಕೆಂಡಿನಿಂದ ನಲವತ್ತೈದು ಇಪ್ಪತ್ತರ ತನಕಾ ಪೂರ್ತಿ ಸೊನ್ನಿ ಮಾಡು. ಬರೇ ಬಳಿ ಸಪ್ಪಳಾ ಅದು. ಕಿರಿಕಿರಿ ಆಗತೈತಿ ನೋಡಾವರಿಗೆ.

ಏನು?

ಏನ ನೋಡಾಕತ್ತಿ?

ಮದರಸಾಬ... ಕೇಳೇ ಇಲ್ಲ ಅಂದಾಕಿಗೆ ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು ಹ್ಯಾಂಗ ಗೊತ್ತಾತು ಅಂತ ಕೇಳತಿ. ಇಲ್ಲ... ನೀ ಕೇಳಲಿಲ್ಲ. ನೀ ಬಾಯಿ ತಗದಿಲ್ಲ. ನನ್ನ ವಹಿ ನೋಡಾಕ ಹತ್ತಿ. ಮುಚ್ಚತೀನಿ ತಡಿ. ಮಂದಿ ವಹಿ ನೋಡಬಾರದು.

ಏ, ಹೆಡ್‌ಫೋನ್ ಯಾಕ ಕಿತ್ತಿ? ಏನ ಹಚ್ಚಾಕತ್ತಿ? ಬ್ಯಾಡ. ಮದರಸಾಬ, ಬ್ಯಾಡ ಅಂದೆ...

...

ಎಷ್ಟು ಸ್ವಚ್ಛ ಕೇಳತೈತಲ್ಲೋ.

ನನ್ನ ದನಿ ಇಷ್ಟು ಜೋರೈತೇನು? ‘ನಮ್ಮ ಮನ್ಯಾಗ ಹಂಗಲ್ರೀ ಬೀಗತೆ. ಒಂದೊಂದು ಕೂಸಿಗೂ ಒಂದೊಂದು ವಹಿ ಇಟ್ಟೀನ್ರಿ. ತೋರಸತೀನಿ ತಡೀರಿ.’ ಆ ಬೀಗತಿ ಏನೂ ಕೇಳಿರಲಿಲ್ಲೋ. ಹುಡುಗಿನ್ನ ಭಾಳ ಚಲೋ ಜ್ವಾಪಾನ ಮಾಡೀರಿ ಅಂದಿದ್ಲು, ಅಷ್ಟ. ನಾ ಎದ್ದು ಹೋಗಿ ವಹಿ ತಂದೆ. ಕೇಳು, ಹಾಳಿ ತಿರುವೋ ಸಪ್ಪಳಾ... ಹಲ್ಲು ಹುಟ್ಟಿದ ತಾರೀಖಿನಿಂದ ಓದಾಕತ್ತಾಳ ಈ ಸುವರ್ಣಾ, ಠೀವಿಲೆ, ಸಾಲಿ ಮಾಸ್ತರ ಹಾಜರಿ ಕರದಂಗ. ‘ಎರಡ ಸಲ ಬಂದಿತ್ರಿ ಮೂರ್ಛಿ. ತಾರೀಖು ಬೇಕೇನ್ರಿ? ಬರದೀನಿ.’ ತಾರೀಖು ಬೇಕೇನ್ರಿ ಅಂತಾಳಲ್ಲೋ... ಬಂದ್ ಮಾಡು. ಬಂದ್ ಮಾಡೋ!

ಹೋದ ತಿಂಗಳ ಕೇಳಿದಾಗನ ಗೊತ್ತಾಗಿದ್ದು ನನಗ. ಅಲ್ಲೀಮಟಾ ಶಂಕ್ರವ್ವನ ಆಡ್ಯಾಳ ಅಂತ... ಹಂಗ ಯಾಕ ನೋಡತಿ? ಖರೇನ ಹೇಳಾಕತ್ತೀನಿ. ಹೋದ ತಿಂಗಳ...

ಇಲ್ಲ.

ಫೋನ್ ಬಂದ ದಿನಾನ ಗೊತ್ತಿತ್ತು. ಆ ಮಾತು ಕಿವಿಗೆ ಬಿದ್ದ ಕೂಡಲೆ ಬೀಗತಿ ಮುಂದ ವಹಿ ಓದಿದ್ದು ನೆನಪಾತು. ಮಗಾ ಸಿದ್ದಲಿಂಗ ಮುಂದ ನಿಂತು ‘ಯಾರವ್ವಾ ಹೇಳಿದ್ದು?’ ಅಂದ. ಬಾಯಾಗ ಬಂದ ಹೆಸರ ಹೇಳಿದೆ. ಹೇಳಿದ ಮ್ಯಾಲ ಬರದೆ. ಬರದದ್ದನ್ನ ದಿನಾ ಓದಿಕೋತ ಹೋದ್ರ, ಅದ ಖರೇ ಅನಸಾಕ ಹತ್ತತೈತೋ.

ತಡಿ... ನೀ ಆಗ ಮಾಡಿಕೊಟ್ಟ ಆ ಹಳೇ ಸಿ.ಡಿ.ಯೊಳಗ ಈ ಮಾತಿನ ಜಾಗಾದಾಗ ಬರೇ ಸನಾದಿ ಐತಿ. ನಾಕು ನಿಮಿಷ ಸನಾದಿ. ನನ್ನ ನಸೀಬ ಚಲೋ ಐತಿ ಅಂತ ತಿಳಕೊಂಡಿದ್ದೆ. ಆ ಸನಾದಿ ನೀನ ಹಾಕಿದ್ದೇನು? ನಾಕು ವರ್ಷದಿಂದ ನಿನಗೆಲ್ಲಾ... ಸಂತ್ಯಾಗ ಸಿಕ್ಕಾಗ ಅಮ್ಮಾರು ಹ್ಯಾಂಗದೀರಿ ಅಂತ ಕೈ ಮುಗೀತಿದ್ದಿ. ಅಕಿಗೂ ಮುಗೀತಿದ್ದೇನು? ಅಕಿ ಕೇಳಲಿಲ್ಲೇನು ನಿನ್ನ, ಆವತ್ತ ಏನರ ಕೇಳಿಸಿತ್ತೇನು ಅಂತ?



ಮೌಸ್ ಯಾಕ ನನ್ನ ಕಡೆ ಸರಸತಿ? ಸೊನ್ನಿ ಮಾಡೂದು ನಾನ ಮಾಡಬೇಕೇನು? ಇಲ್ಲಿ ಒತ್ತೂದಾ? ಈ ನಡುವಿನ ಗೆರಿ, ಇಷ್ಟು ಎತ್ತರಾ ಏರೈತಲ್ಲ, ಇದು ನಾನು. ಕೆಳಗಿಂದು... ಹಿಂದಿನ ಬಲಗಡೆದು. ನಲವತ್ತೆರಡನೇ ನಿಮಿಷಕ್ಕ ಸಪಾಟ ಐತಿ. ಹೊಲದ ಬದುವಿನಂಗ ಸಪಾಟ. ಅಕಿ ಅಲ್ಲಿ ಬಾಯಿನ ತಗದಿಲ್ಲ.

ಈ ಕೈಗೆ ಅಳಸಿ ರೂಢಿ ಇಲ್ಲೋ.

ತಗೋ, ನಿನ್ನ ಮೌಸ್. ಇದ್ದದ್ದು ಇದ್ದಂಗ ಇರಲಿ. ಆರೂ ಇರಲಿ. ಧ್ವನಿ ಹಿಂಡಬ್ಯಾಡ. ಹನ್ನೆರಡು ಬ್ಯಾಡ, ಒಂದ ಮಾಡು. ವಿದ್ಯಾಶ್ರೀ ಕೈಗೆ ನಾನ ಕೊಡತೀನಿ. ಪುರಾವೆ ಕೇಳಿದ್ಲಲ್ಲ.

ಮತ್ತ... ಶಂಕ್ರವ್ವನ ಫೋನ್ ನಂಬರ ನಿನ್ನ ಹತ್ರ ಐತೇನು?

ನನ್ನ ವಹಿಯೊಳಗ... ಇತ್ತು. ಹೊಡದ ಹಾಕೀನಿ.