ಪುಟ್ಟಮ್ಮ ಬಸುರಿ ಅಂತ ಬರೀರಿ

ಅಲ್ಲ ಕಣೆ ರಂಜಿತಾ, ಆ ಬ್ಯಾಗು ಕೆಳಗಿಡು, ಆನೇಮಹಲ್ ಹತ್ರ ಬಂದಾಗ ರೆಸಾರ್ಟ್ ವ್ಯಾನಿನೋನು ಫೋನ್ ಮಾಡ್ತಾನಲ್ಲ, ಇನ್ನೂ ಮಾಡಿಲ್ಲ. ಕೊರಳಲ್ಲಿರೋ ಕಾರ್ಡ್ ತೋರ್ಸು. ಇದ್ಯಾವಳೆ ಇವ್ಳು? ಕೆಲ್ಸ ಬಿಟ್ಟೋದೋಳ ಕಾರ್ಡಾ? ದೋಣಿಗಲ್ ರೆಸಾರ್ಟಿನೋರು ಸದ್ಯಕ್ಕೆ ಇದನ್ನೇ ಹಾಕ್ಕೋ ಅಂದ್ರಾ, ಮೂರು ತಿಂಗ್ಳಿಂದ್ಲೂವಾ? ಅಯ್ಯೋ, ನಂಗೆ ಕೂರಕ್ಕಾಯ್ತಿಲ್ಲ. ತಡಿ, ಹೇಳ್ತೀನಿ.

ನಿಮ್ಮಪ್ಪ ಹೊಟ್ಟೇಲಿದ್ದಾಗ, ಅಲ್ಲಲ್ಲ, ನಿಮ್ ದೊಡ್ಡತ್ತೆ ಹೊಟ್ಟೇಲಿದ್ದಾಗ. ನಾನು ಮದ್ವೆಯಾಗಿ ಎಸ್ಟೇಟ್ ಲೈನ್ ಮನೆಗೆ ಬಂದಾಗ ನಮ್ಮತ್ತೆಗೆ ಮಂಡಿ ಹಿಡ್ಕೊಂಡಿತ್ತು, ಅವ್ರು ಮನೇಲಿ ಕೂತ್ರು, ಅವ್ರ ಸೊಂಟದ ಚೀಲ ನಾನು ಕಟ್ಕೊಂಡು ಕಾಫಿ ಕುಯ್ಯಕ್ಕೆ ಹೋದೆ. ಹಾಜರಿ ಪುಸ್ತಕ್ದಲ್ಲಿ ಮಾತ್ರ ಅವ್ರ ಹೆಸ್ರೇ ಉಳೀತು. ಎಸ್ಟೇಟಿನ ಲೆಕ್ಕ ಬರ್ಯೋ ರೈಟರ್ ಬೆಳಿಗ್ಗೆ ‘ಪುಟ್ಟಮ್ಮ’ ಅಂತ ಕೂಗೋನು, ನಾನು ‘ಬಂದೆ’ ಅನ್ನೋಳು. ಯಾರ ಹೆಸ್ರಾದ್ರೇನು, ಒಂದೇ ಮನೆ ತಾನೆ ಅಂದ್ಕೊಂಡೆ, ಎಂಥಾ ದಡ್ಡಿ ನೋಡು. ನಾಕು ವರ್ಷ ಹಂಗೇ ಬಂದೆ, ಬಂದೆ ಅಂದ್ಕೊಂಡೇ ಕಳೀತು. ಎಂಟು ತಿಂಗ್ಳು ತುಂಬಕ್ಕೆ ಬಂದಾಗ ಬಗ್ಗಕ್ಕಾಗ್ದೆ ರೈಟರ್ ಹತ್ರ ಹೋದೆ. ಹೆರಿಗೆಗೆ ಸಂಬಳದ ರಜ ಕೊಡ್ಬೇಕಂತೆ, ಕೆಲ್ಸದಿಂದ ತೆಗ್ಯಂಗಿಲ್ವಂತೆ, ಅಂಗನವಾಡಿ ಟೀಚರ್ ಹೇಳಿದ್ರು ಅಂದೆ. ಅವ್ನು ಪುಸ್ತಕ ತಿರುವಿ, ‘ಗೌರಮ್ಮ ಅನ್ನೋ ಆಳೇ ನಮ್ಮಲ್ಲಿಲ್ವಲ್ಲ. ಪುಟ್ಟಮ್ಮ ಅವ್ರೆ, ವಯಸ್ಸು ಅರವತ್ತು’ ಅಂದ. ಅಂದ್ರೆ ಹೆರಿಗೆಗೆ ಮನೇಲಿ ಕೂತ್ರೆ ಕೆಲ್ಸ ಹೋದಂಗೆ, ಆ ಕೆಲ್ಸಕ್ಕಂತ ಕೊಟ್ಟಿದ್ದ ಲೈನ್ ಮನೇನೂ ಹೋದಂಗೆ. ಹಸುಗೂಸು ಎತ್ಕೊಂಡು ಎಲ್ಲಿಗೋಗದು?

ಫೋನ್ ಬಂತಾ? ಇಲ್ವಾ, ಸರಿ. ನಮ್ಮತ್ತೆ ಸುಮ್ನೆ ಕೂರೋ ಪೈಕಿ ಅಲ್ಲ. ಕೋಲೂರ್ಕೊಂಡು ನನ್ನೂ ಕರ್ಕೊಂಡು ಬಸ್ ಹತ್ತಿ, ಸಕಲೇಶಪುರದಲ್ಲಿ ಕಂಡೋರ್ನೆಲ್ಲ ಕೇಳಿ ಲೇಬರ್ ಆಫೀಸ್ ಹುಡುಕಿದ್ರು. ಅರ್ಜಿ ಕೊಟ್ಟ ವಾರಕ್ಕೆ ಆಫೀಸರಮ್ಮ ಎಸ್ಟೇಟಿಗೇ ಬಂದ್ರು. ರೈಟರ್ದು ಅದೇ ರಾಗ, ಪುಸ್ತಕ್ದಲ್ಲಿ ಇರೋಳು ಪುಟ್ಟಮ್ಮ ಅಂತ. ನಮ್ಮತ್ತೆ ಮುಂದೆ ಬಂದು, ‘ಹಂಗಾರೆ ಪುಟ್ಟಮ್ಮ ಬಸುರಿ ಅಂತ ಬರೀರಿ ಸ್ವಾಮಿ, ಅರವತ್ತಕ್ಕೆ ಹೆರ್ತೀನಿ’ ಅಂದ್ರು. ಹೆಂಗಸ್ರೆಲ್ಲ ಸೆರಗು ಬಾಯಿಗಿಟ್ಕೊಂಡ್ರು. ಆಫೀಸರಮ್ಮ ನಗ್ಲಿಲ್ಲ. ದಿನಾ ಕೂಗೋ ಹಂಗೇ ಹಾಜರಿ ಕೂಗಿ ಅಂದ್ರು. ಅವ್ನು ಒಂದೊಂದೇ ಹೆಸ್ರು ಕೂಗ್ತಾ ಕೂಗ್ತಾ ‘ಪುಟ್ಟಮ್ಮ’ ಅಂದ. ಅಂದೋನು ತಲೆಯೆತ್ತಿ ನೋಡಿದ್ದು ಯಾರನ್ನ ಅಂತೀಯ? ನಮ್ಮತ್ತೆ ಅವ್ನ ಪಕ್ಕದಲ್ಲೇ ನಿಂತವ್ರೆ, ಅವ್ನ ಕಣ್ಣು ನನ್ಮೇಲೆ. ನಾಕು ವರ್ಷದ ಅಭ್ಯಾಸ ಎಲ್ಲೋಯ್ತದೆ? ಅವತ್ತು ಮಾತ್ರ ನಾನು ‘ಬಂದೆ’ ಅನ್ಲಿಲ್ಲ. ಆಫೀಸರಮ್ಮ ನನ್ ಕಡೆ ತಿರುಗಿ ನಿನ್ನ ಹೆಸರೇನಮ್ಮ ಅಂದ್ರು. ‘ಗೌರಮ್ಮ’ ಅಂದೆ. ಅಷ್ಟು ಹೇಳಕ್ಕೇ ಅಳು ಬಂದ್ಬುಡ್ತು. ಅವತ್ತೇ ಪುಸ್ತಕ್ದಲ್ಲಿ ನನ್ ಹೆಸ್ರು ಬರ್ಸಿದ್ರು, ರಜಾನೂ ಸಿಕ್ತು, ಕೆಲ್ಸಾನೂ ಉಳೀತು.

ಅಗಾ, ಫೋನು. ಎತ್ತು. ಹೋಗ್ಬ್ಯಾಡ ಅನ್ನಲ್ಲ, ಹೋಗು. ಹೋಗಿ ಮ್ಯಾನೇಜರ್ ಹತ್ರ ನಿನ್ನ ಹೆಸ್ರಿನ ಕಾರ್ಡು, ಕೆಲ್ಸಕ್ಕೆ ಸೇರಿದ ಕಾಗ್ದ ಎರಡೂ ಕೇಳು. ಇನ್ನೊಬ್ಳ ಹೆಸ್ರಿಗೆ ಓಗೊಟ್ರೆ ನಿನ್ ಬೆವರು ಅವಳ ಪಾಲಿಗೆ ಹೋಯ್ತದೆ ಕಣೆ. ಆ ಕಾರ್ಡು ಬಿಚ್ಚಿ ಕೈಲಿಡ್ಕೊ, ಕೊರಳಿಗೆ ಬ್ಯಾಡ.