ಕದಲಿಸದ ಪುಸ್ತಕ

“ಕೈ ತೆಗಿ ಅಂದ್ನಲ್ಲ! ಪೂಜೆಗಿಟ್ಟಿದ್ದನ್ನ ಮುಟ್ತೀಯಾ?”

“ನಾನು ಬರ್ದ ಪುಸ್ತಕ ನಾನು ಮುಟ್ಟಬಾರ್ದಾ? ಯಾವೂರ ನ್ಯಾಯಾನಪ್ಪ ಇದು?”

“ಹೊರಗೆ ನಡಿ ಮೊದ್ಲು!”

ಬೆಚ್ಚಿಬಿದ್ದಿರಾ? ಒಳ್ಳೆಯದಾಯಿತು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಎದ್ದರು. ಇದು ನಾನು ನಿಮಗೆ ಬೈದದ್ದಲ್ಲ. ಒಂದು ಊರಿನ ಲೈಬ್ರರಿಯಲ್ಲಿ ನನ್ನ ಕಣ್ಣೆದುರೇ ನಡೆದ ಜಗಳ. ನಾಳೆ ಬೆಳಿಗ್ಗೆ ನೀವೂ ಈ ಶಾಲೆಯಲ್ಲಿ ಲೈಬ್ರರಿ ತೆರೆಯುತ್ತೀರಲ್ಲ, ಅದಕ್ಕೇ ಹೇಳುತ್ತೇನೆ, ಕೇಳಿ.

ಆ ಊರಿಗೊಬ್ಬ ಶ್ರೀಮಂತ. ಕೆಟ್ಟವನಲ್ಲ. ನೋಡಿ, ಕೆಟ್ಟವನಾಗಿದ್ದರೆ ಕಥೆ ಸುಲಭವಾಗುತ್ತಿತ್ತು. ತಂದೆಯ ನೆನಪಿಗೆ ಲೈಬ್ರರಿ ಕಟ್ಟಿಸಿದ. ಎಲ್ಲ ಕೇರಿಯ ಮಾತೂ ಇಲ್ಲಿರಬೇಕು ಎಂದು ತಾನಾಗಿಯೇ ಹೇಳಿದ. ಪೊರಕೆ ಕಟ್ಟುವವರ ಕೇರಿಗೆ ನಡೆದುಹೋಗಿ, ನಿಮ್ಮದೂ ಒಂದು ಪುಸ್ತಕ ಕೊಡಿ ಎಂದ.

ಪುಸ್ತಕ ಎಲ್ಲಿಂದ ಬರಬೇಕು? ಅವರ ಬಗ್ಗೆ ಯಾರು ಬರೆದಿದ್ದರು? ಕೊನೆಗೆ ಆ ಕೇರಿಯ ಒಬ್ಬ ಹೆಂಗಸು ಕುಳಿತು ಬರೆದಳು. ಏಳನೆಯ ತರಗತಿ ಓದಿದವಳು. ಹೆಸರು ಸುಂಕಮ್ಮ. ಉಳಿದವರ ಹೆಸರು ನಿಮಗೆ ಬೇಡ, ಅವರೆಲ್ಲ ನಿಮ್ಮ ಹಾಗೆ, ನನ್ನ ಹಾಗೆಯೇ ಇದ್ದಾರೆ. ತನ್ನ ತಾಯಿ ಸಾಯುವ ಮುಂಚೆ ಹೇಳಿದ್ದನ್ನೆಲ್ಲ ಅವಳು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಇಳಿಸಿದಳು. ಯಾವ ಹಳ್ಳದ ಈಚಲು ಗರಿ ಗಟ್ಟಿ, ಕತ್ತೆಯ ಮೇಲೆ ಸಂಸಾರ ಹೇರಿಕೊಂಡು ಊರೂರು ತಿರುಗುವಾಗ ಮಕ್ಕಳಿಗೆ ಯಾವ ಕಥೆ ಹೇಳುತ್ತಿದ್ದರು, ಯಾವ ಊರು ನೀರು ಕೊಟ್ಟಿತು, ಯಾವ ಊರು ನಾಯಿ ಬಿಟ್ಟಿತು. ಎಲ್ಲ. ಇದ್ದದ್ದು ಅದೊಂದೇ ಪ್ರತಿ.

ಶ್ರೀಮಂತನಿಗೆ ಸಂತೋಷವೋ ಸಂತೋಷ. ಉದ್ಘಾಟನೆಯ ದಿನ ಆ ನೋಟ್‌ಬುಕ್ಕಿಗೆ ಹಳದಿ ರೇಷ್ಮೆ ಬಟ್ಟೆ ಸುತ್ತಿಸಿ, ಸರಸ್ವತಿಯ ಪಟದ ಮುಂದೆ ಇಡಿಸಿ ಪೂಜೆ ಮಾಡಿಸಿದ. ಮಂತ್ರ ಹೇಳಿದವನು ನಾನೇ. ಸುಂಕಮ್ಮ ಅತ್ತಳು. ನಾವೂ ಕಣ್ಣೊರೆಸಿಕೊಂಡೆವು.

ಪೂಜೆಗಿಟ್ಟ ಪುಸ್ತಕದ ನೇಮ ನಿಮಗೆ ಗೊತ್ತು. ಕದಲಿಸುವ ತನಕ ತೆರೆಯಬಾರದು, ಓದಬಾರದು. ಮನೆಯಲ್ಲಾದರೆ ಒಂದೆರಡು ದಿನದಲ್ಲಿ ಅಕ್ಷತೆ ಹಾಕಿ, ಪೂಜೆ ಮುಗಿಯಿತೆಂದು ಕದಲಿಸುತ್ತೇವೆ. ಅಲ್ಲಿ ಯಾರೂ ಕದಲಿಸಲಿಲ್ಲ. ಯಾರಿಗೂ ನೆನಪೇ ಆಗಲಿಲ್ಲ. ದಿನಾ ಹೂವು, ದಿನಾ ಊದಿನಕಡ್ಡಿ. ಹನ್ನೊಂದು ತಿಂಗಳು!

ಸುಂಕಮ್ಮನ ಮಗಳು ಆರನೆಯ ತರಗತಿ. ಅಜ್ಜಿಯ ಕಥೆಯನ್ನು ತರಗತಿಯಲ್ಲಿ ಓದಿ ತೋರಿಸುತ್ತೇನೆಂದು ಗೆಳತಿಯರಿಗೆ ಹೇಳಿಕೊಂಡಿದ್ದಳು. ಮೂರು ಸಲ ಲೈಬ್ರರಿಗೆ ಹೋದಳು. ಮೂರು ಸಲವೂ ಲೈಬ್ರರಿಯವನು, “ಅದು ಪೂಜೆದು, ಮುಟ್ಟಂಗಿಲ್ಲ” ಎಂದು ವಾಪಸು ಕಳಿಸಿದ. ಹುಡುಗಿ ಮನೆಗೆ ಬಂದು ಕೇಳಿದಳು: “ಅವ್ವಾ, ಅದ್ರಾಗೆ ಏನಾದ್ರೂ ಕೆಟ್ಟದ್ದು ಬರ್ದೀಯೇನು? ಯಾರಿಗೂ ಕೊಡಂಗಿಲ್ಲಂತೆ.”

ಆ ಮಾತು ಕೇಳಿ ಎದ್ದು ಬಂದವಳು ಸುಂಕಮ್ಮ. ನಾನು ಶ್ರೀಮಂತನ ಜೊತೆ ಅಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದೆ. ಲೈಬ್ರರಿಯವನ ಕೂಗಾಟ ಕೇಳಿ ಇಬ್ಬರೂ ಎದ್ದೆವು.

“ಏನಮ್ಮ ಇದು?” ಎಂದ ಶ್ರೀಮಂತ. “ಯಾರ ಪುಸ್ತಕಕ್ಕೂ ಇಲ್ಲದ ಮರ್ಯಾದೆ ನಿನ್ನ ಪುಸ್ತಕಕ್ಕೆ ಕೊಟ್ಟೀವಿ. ಇನ್ನೇನು ಮಾಡ್ಬೇಕು?”

“ಓದಿದ್ರಾ ಯಜಮಾನ್ರೇ?”

“ಪೂಜೆಗಿಟ್ಟಿದ್ದನ್ನ ಹೆಂಗೆ ಓದೋದು?”

“ಮುಂಚೆ ಮೈಲಿಗೆ ಅಂತ ನಮ್ಮನ್ನ ಮುಟ್ತಿರ್ಲಿಲ್ಲ. ಈಗ ಮಡಿ ಅಂತ ಮುಟ್ಟಂಗಿಲ್ಲ. ನಮಗೇನು ಬ್ಯಾರೆ ಆತು, ಹೇಳ್ರಿ?”

ಶ್ರೀಮಂತ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಲೈಬ್ರರಿಯವನು ನಮ್ಮಿಬ್ಬರ ಮುಖ ನೋಡಿದ. ನಿಜ ಹೇಳುತ್ತೇನೆ, ಎಲ್ಲಿ ತಪ್ಪಾಯಿತೆಂದು ಮೂವರಿಗೂ ತಿಳಿಯಲಿಲ್ಲ. ಹೂವು ಹಾಕಿದ್ದು ತಪ್ಪೇ? ಗೌರವ ಕೊಟ್ಟದ್ದು ತಪ್ಪೇ? ಶ್ರೀಮಂತ ಸೋತ ದನಿಯಲ್ಲಿ ಕೇಳಿದ: “ಸ್ವಾಮಿಗಳೇ, ಕದಲಿಸಾಕೆ ಒಳ್ಳೆ ದಿನ ಯಾವುದೈತೆ, ನೋಡ್ರಿ.”

ನಾನೇನು ಮಾಡಿದೆ ಗೊತ್ತೇ? ಚೀಲದಿಂದ ಪಂಚಾಂಗ ತೆಗೆದೆ! ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ. ತಾಯಿಯೊಬ್ಬಳು ಎದುರಿಗೆ ನಿಂತು ಮಗಳಿಗಾಗಿ ಪುಸ್ತಕ ಕೇಳುತ್ತಿದ್ದಾಳೆ, ನಾನು ಕನ್ನಡಕ ಏರಿಸಿಕೊಂಡು, “ಮಂಗಳವಾರ ಬೇಡ, ಬುಧವಾರ ಅಷ್ಟಮಿ ಬರ್ತದೆ...” ಎನ್ನುತ್ತಿದ್ದೇನೆ.

“ನೀವು ದಿನ ನೋಡ್ಕಂತಾ ಇರ್ರಿ ಸಾಮಿ” ಎಂದಳು. ಹಳದಿ ಬಟ್ಟೆ ಬಿಚ್ಚಿದಳು, ಮಡಿಸಿ ಪಟದ ಮುಂದೆ ಇಟ್ಟಳು, ನೋಟ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು. ನಾನು ಪಂಚಾಂಗದಿಂದ ತಲೆಯೆತ್ತುವಷ್ಟರಲ್ಲಿ ಬಾಗಿಲು ಖಾಲಿ.

ಈಗ ನಿಮ್ಮ ವಿಷಯ. ತಲೆ ತಗ್ಗಿಸಬೇಡಿ, ಇತ್ತ ನೋಡಿ. ನಾಳೆಗೆ ಹಾರ ತಂದಿದ್ದೀರಿ, ಗಾಜಿನ ಬೀರು ತಂದಿದ್ದೀರಿ, ಬೀಗವನ್ನೂ ತಂದಿದ್ದೀರಿ. ಕೆರೆಯಾಚೆ ಡೇರೆ ಹಾಕಿಕೊಂಡು, ಕೂದಲು ಕೊಂಡು ಪಿನ್ನು ಬಲೂನು ಕೊಡುವವರಿದ್ದಾರೆ. ಅವರು ಹೇಳಿದ್ದು, ಅವರು ಬರೆದದ್ದು ಆ ಬೀರುವಿನಲ್ಲಿ ಒಂದಾದರೂ ಇದೆಯೇ? ಇಲ್ಲ. ಹೋಗಿ ಕೇಳಿ, ತನ್ನಿ. ತಂದ ಮೇಲೆ ಕೈ ಮುಗಿಯಬೇಡಿ, ಓದಿ! ಬರೆದವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಿರಿ. ನಿಮ್ಮೂರು ನಾಯಿ ಬಿಟ್ಟಿತು ಎಂದು ಬರೆದಿದ್ದರೆ ಸಿಟ್ಟು ನುಂಗಿಕೊಂಡು ಮುಂದಿನ ಪುಟ ತಿರುಗಿಸಿ. ಮಕ್ಕಳು ಮನೆಗೆ ಒಯ್ಯಲಿ. ಎಣ್ಣೆ ಕೈ ತಾಗಲಿ, ಮೂಲೆ ಮಡಚಲಿ, ಹರಿದರೆ ಅಂಟಿಸಿ. ವರ್ಷವಾದರೂ ಹೊಸದಾಗಿಯೇ ಇರುವ ಪುಸ್ತಕ ಕಂಡರೆ ನಾಚಿಕೆಪಡಿ. ಬೀಗ? ಅದನ್ನು ದನದ ಕೊಟ್ಟಿಗೆಗೆ ಹಾಕಿಕೊಳ್ಳಿ.

ಏನು ತಾಯಿ, ಏನೋ ಕೇಳಿದಿರಿ? ಸುಂಕಮ್ಮ ಮತ್ತೆ ಬಂದಳೇ ಎಂದೇ? ಶ್ರೀಮಂತ ಎರಡು ಸಲ ಅವಳ ಕೇರಿಗೆ ಹೋಗಿ ಕರೆದ. ನಾನೂ ಒಂದು ಸಲ ಹೋದೆ, ಒಳ್ಳೆಯ ದಿನ ಸಿಕ್ಕಿದೆ ಬಾರಮ್ಮ ಎಂದೆ. ಅವಳು ಪೊರಕೆ ಕಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. “ಅವತ್ತೇ ಕದಲಿಸಿದ್ನಲ್ಲ ಸಾಮಿ” ಎಂದಳು.

ಅವಳು ಆ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ. ಮಡಿಸಿದ ಹಳದಿ ಬಟ್ಟೆ ಅಲ್ಲೇ ಇದೆ. ಲೈಬ್ರರಿಯವನು ಅದಕ್ಕೆ ಇವತ್ತಿಗೂ ದಿನಾ ಹೂವು ಹಾಕುತ್ತಾನೆ. ಯಾಕಪ್ಪ ಎಂದು ಕೇಳಿದೆ. ಅವನಿಗೂ ಗೊತ್ತಿಲ್ಲ.