ಮಾತು ಬೇಡದ ಮನೆ

...ನಗು, ನಗು! ನೀನು ನಗ್ತೀಯ ಅಂತ ಗೊತ್ತಿದ್ದೇ ಹೇಳಿದ್ದು. ಸುಳ್ಳಲ್ಲ ಬೀರ್ಗಿತ್, ಸತ್ತ ನಮ್ಮತ್ತೆಯಾಣೆ. ಆ ಜರ್ಮನಿಯವನು, ಇಷ್ಟೆತ್ತರದ ಮನುಷ್ಯ, ಬಾಗಿಲಿಗೆ ಎರಡು ಸಲ ಹಣೆ ಚಚ್ಚಿಸ್ಕೊಂಡೋನು, ನಡುಕೋಣೇಲಿ ಕೂತು ಕಣ್ಣಲ್ಲಿ ನೀರು ಹಾಕ್ತಿದ್ದ. ಯಾಕಪ್ಪಾ ಅಂದ್ರೆ, 'ಖಾಲಿ! ಎಷ್ಟು ಖಾಲಿ! ನಿಮಗೆ ಯಾವುದರ ಆಸೆನೂ ಇಲ್ಲ' ಅಂತ. ಆಮೇಲೆ ಚಳಿಯಾಯ್ತು, ಹಾಸಿಗೆ ಬೇಕು ಅಂತ ತಾನೇ ಎದ್ದು ಗೋಡೆಬೀರು ಎಳೆದ. ಬಿತ್ತು ನೋಡು ತಲೆ ಮೇಲೆ! ಟೀವಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಬೆನ್ನು ಒತ್ತೋ ಯಂತ್ರ, ಎರಡು ಚೀಲ ಹಳೇ ಬಟ್ಟೆ... ನೀವು ಪರದೇಶದೋರು ಬರೋ ದಿನ ಬೆಳಗ್ಗೆ ಐದು ಗಂಟೆಗೆದ್ದು ಮನೇಲಿರೋದನ್ನೆಲ್ಲ ಅದರೊಳಗೆ ತುರುಕ್ತೀನಲ್ಲ ನಾನು, ಅದಕ್ಕೇ ಕೋಣೆ ಖಾಲಿ ಇರೋದು!

ಟೀ ಕುಡಿ, ಆರತ್ತೆ. ಆ ಕಡೆಯಿಂದ ಕುಡೀಬೇಡ, ಅಂಚು ಸೀಳಿದೆ, ತುಟಿ ಕೊಯ್ಯತ್ತೆ. ಅಯ್ಯೋ, ಹಾಗೆ ತಿರುಗಿಸಿ ತಿರುಗಿಸಿ ನೋಡಬೇಡ ಮಾರಾಯ್ತಿ, ಅದರಲ್ಲಿ ಯಾವ ತತ್ವನೂ ಇಲ್ಲ. ಬಟ್ಟಲಿನ ಅಂಗಡಿ ದೂರ, ಅಷ್ಟೆ. ಅಂಗಳದ ಪಾಚಿನೂ ಹಾಗೇ. ಫೋಟೋ ತೆಗೀತಾರೆ, ಅದಕ್ಕೆ ಕೈ ಮುಗೀತಾರೆ. ನನ್ನ ಮೊಣಕಾಲು ಬಗ್ಗೋ ಹಾಗಿದ್ದಿದ್ರೆ ಆ ಪಾಚಿ ಎಂದೋ ಕಿತ್ಕೊಂಡು ಹೋಗ್ತಿತ್ತು.

ಈಗ ಗಂಟೆ ಎಷ್ಟು? ಒಂದೂವರೆಯಾ? ಎರಡಕ್ಕೆ ಕಾರು. ಬೆಟ್ಟ ಇಳಿದು ಮಾತ್ಸುಮೊತೊ ತಲುಪೋ ಹೊತ್ತಿಗೆ ಕತ್ತಲಾಗಿರತ್ತೆ. ಇವತ್ತು ರಾತ್ರಿ ನಮ್ಮ ಮುದುಕನ್ನ ಆಸ್ಪತ್ರೇಲಿ ಹೊಟ್ಟೆ ಖಾಲಿ ಮಲಗಿಸ್ತಾರಂತೆ. ಬೆಳಗ್ಗೆ ಎಂಟಕ್ಕೆ ಕುಯ್ಯೋದು. ಗಂಟಲಲ್ಲಿ ಮಾತಿನ ಪೆಟ್ಟಿಗೆ ಅಂತ ಇರತ್ತಂತಲ್ಲ, ಅದನ್ನ ಪೂರ್ತಿ ತೆಗೆದುಬಿಡ್ತಾರೆ. ಗಡ್ಡೆ ಅದರ ಮೇಲೇ ಕೂತಿದೆ. ಜೀವಕ್ಕೇನೂ ಭಯವಿಲ್ಲ ಅಂದ್ರು ಡಾಕ್ಟ್ರು, ಚಿಕ್ಕ ವಯಸ್ಸಿನ ಹುಡುಗ, ಪಾಪ, ತಲೆ ಬಗ್ಗಿಸಿ ಬಗ್ಗಿಸಿ ಹೇಳ್ದ. 'ಜೀವ ಉಳಿಯತ್ತೆ ಅಜ್ಜಿ, ದನಿ ಮಾತ್ರ ಹೋಗತ್ತೆ.' ನಾನಂದೆ, ಹೋಗ್ಲಿ ಬಿಡಪ್ಪಾ, ಅದು ಇದ್ದಿದ್ದಾದ್ರೂ ಯಾವಾಗ! ಮಾತೇ ಆಡದ ಮುದುಕನಿಗೆ ಮಾತಿನ ಪೆಟ್ಟಿಗೆ ಯಾಕೆ? ಹಾ ಹಾ...

ಯಾಕೆ, ನಗಲಿಲ್ಲ ನೀನು? ಜರ್ಮನಿಯವನಿಗೆ ನಕ್ಕೆ, ಇದಕ್ಕೆ ನಗಲ್ವಾ?

ಸರಿ. ಪುಸ್ತಕ ಈಚೆ ತಗೊಂಡೆಯಾ... ಬರ್ಕೋ, ಬರ್ಕೋ. ನೀನು ಬಂದಿರೋದೇ ಅದಕ್ಕಲ್ವಾ. ಬೇಜಾರಿಂದ ಹೇಳ್ತಿಲ್ಲಮ್ಮಾ. ಸುದ್ದಿ ಕೇಳಿದ ಕೂಡ್ಲೇ ಕ್ಯೋತೋದಿಂದ ಓಡಿ ಬಂದೆ, ನನ್ನ ಹೊಟ್ಟೇಲಿ ಹುಟ್ಟಿದೋರೂ ಹಾಗೆ ಬರ್ತಿರಲಿಲ್ಲವೇನೋ. ಆದ್ರೂ ಬಂದೋಳೇ ಮೊದಲು ಕೇಳಿದ್ದೇನು? ನಮ್ಮ ಬಗ್ಗೆ ನೀನು ಬರ್ದ ಪುಸ್ತಕ ಇನ್ನೊಂದು ಸಲ ಅಚ್ಚಾಗತ್ತೆ, ಕೊನೇಗೆ ಒಂದು ಪುಟ ಸೇರಿಸಬೇಕು, 'ಹಿಸಾಯೋ ಅಜ್ಜಿ, ದನಿ ಹೋಗೋ ಮುಂಚೆ ನಿಮ್ಮಿಬ್ಬರ ಕಡೇ ಮಾತು ಏನು?' ಅಂತ. ಅಲ್ವಾ?

ಕಡೇ ಮಾತು! ಮೊದಲನೇದೇ ಇಲ್ದೆ ಕಡೇದು ಎಲ್ಲಿಂದ ತರ್ಲಿ?

ಹನ್ನೊಂದು ವರ್ಷ ಆಯ್ತು, ಅಲ್ವಾ, ನೀನು ಮೊದಲು ಬಂದು? ನಮ್ಮ ಭಾಷೇಲಿ ಎರಡೇ ಮಾತು ಬರ್ತಿತ್ತು ನಿಂಗೆ. 'ಬಹಳ ರುಚಿ', 'ಕ್ಷಮಿಸಿ'. ಉಪ್ಪಿನಕಾಯಿ ಕೊಟ್ರೂ ಬಹಳ ರುಚಿ, ಸ್ನಾನಕ್ಕೆ ನೀರು ಕೊಟ್ರೂ ಬಹಳ ರುಚಿ. ಹದಿನಾಲ್ಕು ದಿನ ಇದ್ದೆ. ಹೋಗಿ ಇಷ್ಟು ದಪ್ಪ ಪುಸ್ತಕ ಬರೆದೆ. ರಟ್ಟಿನ ಮೇಲೆ ನಮ್ಮಿಬ್ಬರ ಬೆನ್ನು. ಮುಖನೂ ಅಲ್ಲ, ಬೆನ್ನು! ಜಗಲಿ ಮೇಲೆ ಎರಡು ಮುದಿ ಬೆನ್ನು. ನಿಮ್ಮ ಭಾಷೆ ನಂಗೆ ಓದಕ್ಕೆ ಬರಲ್ವಲ್ಲ, ನಿವೃತ್ತಿಯಾದ ಮೇಷ್ಟ್ರು ಒಬ್ಬರು ಓದಿ ಓದಿ ನಮ್ಮ ಮಾತಿಗೆ ತಿರುಗಿಸಿ ಹೇಳಿದ್ರು. 'ಅವನು ಬಟ್ಟಲು ಚಾಚುತ್ತಾನೆ, ಅವಳು ಅನ್ನ ಬಡಿಸುತ್ತಾಳೆ. ಅವನು ಎದ್ದರೆ ಅವಳು ಕೋಟು ಹಿಡಿಯುತ್ತಾಳೆ. ಹದಿನಾಲ್ಕು ದಿನ ಇಬ್ಬರ ನಡುವೆ ಒಂದು ಶಬ್ದವೂ ಇಲ್ಲ. ನಾವು ಮಾತಾಡಿ ಮಾತಾಡಿ ಮದುವೆ ಮುರಿದುಕೊಳ್ಳುವ ಜನ. ಇವರು ಮಾತೇ ಬೇಡದಷ್ಟು ಒಂದಾದವರು.' ನೋಡಿದ್ಯಾ, ಬಾಯಿಪಾಠ ಆಗಿದೆ ನಂಗೆ.

ಆಮೇಲೆ ಬಂದ್ರು ನೋಡು ಜನ! ಬೆನ್ನಿಗೆ ಮೂಟೆ, ಕೈಯಲ್ಲಿ ನಿನ್ನ ಪುಸ್ತಕ. ಊರಿನವರೂ ಬಿಡಲಿಲ್ಲ, ಬಸ್ ನಿಲ್ಲೋ ಜಾಗದಲ್ಲಿ ಹಲಗೆ ನೆಟ್ರು, 'ಮಾತು ಬೇಡದ ಮನೆಗೆ ದಾರಿ' ಅಂತ. ಮಾತಾಡಿದ್ರೆ ನಮ್ಮ ಮನೆ ಒಡೆದುಹೋಗತ್ತೇನೋ ಅನ್ನೋ ಹಾಗೆ ಪಿಸುಪಿಸು ಅಂತಾರೆ ಬಂದೋರು. ಊಟಕ್ಕೆ ಕೂತ್ರೆ ಎಂಟು ಜೋಡಿ ಕಣ್ಣು ನಮ್ಮ ಮೇಲೆ. ನಾನು ಅನ್ನ ಬಡಿಸಿದ್ರೆ 'ಹಾ...' ಅಂತ ಉಸಿರು ಬಿಡ್ತಾರೆ. ಫ್ರಾನ್ಸಿನೋಳು ಒಬ್ಬಳು ಗಂಡ ಬಾಯಿ ತೆಗೆದಾಗೆಲ್ಲ ತೊಡೆ ಚಿವುಟೋಳು, ನೋಡಿ ಕಲಿ ಅಂತ. ಆರು ತಿಂಗಳಿಗೆ ಕಾಗದ ಬಂತು. 'ಅಜ್ಜಿ, ಊರಿಗೆ ಬಂದು ನಿಮ್ಮ ಹಾಗೇ ಮೌನವಾಗಿದ್ವಿ. ಈಗ ಬೇರೆ ಬೇರೆ ಇದೀವಿ. ಉಪಕಾರ ಆಯ್ತು.'

ಹೂಂ, ಇದಕ್ಕೆ ನಗ್ತೀಯ. ನಗು.

ಆದ್ರೆ ಯೋಚನೆ ಮಾಡು ತಾಯಿ. ಎಂಟು ಜೋಡಿ ಕಣ್ಣಿನ ಮುಂದೆ ಹೆಂಗಸೊಬ್ಬಳು ಹೇಗೆ ಮಾತು ಶುರು ಮಾಡ್ತಾಳೆ? ಮನಸ್ಸಿಗೆ ಬಂದಿರತ್ತೆ ಅಂತಿಟ್ಕೋ, ಇವತ್ತು ಆಡಿಬಿಡೋಣ ಅಂತ. ಆಡಿದ್ರೆ ಬಂದೋರಿಗೆ ಮೋಸ. ಬಸ್ಸಿನೋನಿಗೆ ಮೋಸ, ಸೊಬಾ ಶ್ಯಾವಿಗೆ ಅಂಗಡಿಯೋನಿಗೆ ಮೋಸ, ಹಲಗೆ ನೆಟ್ಟೋರಿಗೆ ಮೋಸ. ಬಾಗಿಲು ನಾನೇ ಹಾಕ್ಕೊಂಡಿದ್ದು, ಇಲ್ಲ ಅನ್ನಲ್ಲ. ಹೊರಗಡೆಯಿಂದ ಬೀಗ ಜಡಿದೋಳು ನೀನು.

ನಾನೇ ಹಾಕ್ಕೊಂಡಿದ್ದು ಅಂದ್ನಾ? ಅದು... ಮಾತಿಗೆ ಹೇಳ್ದೆ. ಬರ್ಕೋಬೇಡ ಅದನ್ನ.

ಕೇಳು, ನಿಜ ಹೇಳ್ತೀನಿ. ಇವತ್ತು ಹೇಳ್ದೆ ಇನ್ಯಾವತ್ತು. ಆಗ ನಂಗೆ ಐವತ್ತು ವರ್ಷ. ನಮ್ಮತ್ತೆ ಹಾಸಿಗೆ ಹಿಡಿದಿದ್ರು. ಕೆಳಗಡೆ ಪೇಟೆ ಇದ್ಯಲ್ಲ, ಅಲ್ಲಿನ ಸ್ಕೂಲಿನ ಅಡುಗೆಮನೆಗೆ ಒಬ್ಬಳು ಬೇಕು ಅಂದ್ರು. ಮಕ್ಕಳ ಮಧ್ಯಾಹ್ನದ ಊಟಕ್ಕೆ. ನಾನು ಕೇಳಿದ್ದೆ. ಗಂಡನಿಗೆ ಗೊತ್ತಿತ್ತು, ಅವನೇ ಅರ್ಜಿ ಬರ್ಕೊಟ್ಟಿದ್ದು. ಬಿಳೀ ನಿಲುವಂಗಿ, ಬಿಳೀ ಟೋಪಿ, ಅಷ್ಟು ದೊಡ್ಡ ಹಂಡೇಲಿ ಸಾರು ಕಲಕೋದು... ಸುಳ್ಳು ಯಾಕೆ ಹೇಳ್ಲಿ, ನನಗೆ ಬೇಕಿದ್ದಿದ್ದು ಬೆಳಗ್ಗೆ ಆರೂವರೆ ಬಸ್ಸು. ಆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಈ ಬೆಟ್ಟ ಇಳಿಯೋದು. ದಿನಾ. ಕಾಗದ ಬರತ್ತೆ ಅಂತ ಕಾದೆ. ಬರಲಿಲ್ಲ. ಒಂದು ದಿನ ಕೆಳಗಿನ ಕೇರಿ ಮಿತ್ಸುಯೆ ಬಂದ್ಲು, ಕೈಯಲ್ಲಿ ಹುರುಳಿ ಮಿಠಾಯಿ ಡಬ್ಬಿ. 'ಹಿಸಾಯೋ ಅಕ್ಕ, ನೀವು ಬೇಡ ಅಂದಿದ್ದಕ್ಕೇ ನನಗೆ ಸಿಕ್ತು, ಬಹಳ ಉಪಕಾರ' ಅಂತ ಹೊಸಲಿನ ಮೇಲೆ ಅಷ್ಟುದ್ದ ಬಗ್ಗಿದ್ಲು. ನಾನು ಬೇಡ ಅಂದ್ನಾ?

ಅವನು ಅಂದಿದ್ದ. ಕಾಗದ ಬಂದಿತ್ತು. ಓದಿ, ಪೆಟ್ಟಿಗೆಯಿಂದ ನನ್ನ ಮೊಹರು ತೆಗೆದು, ಕೆಂಪು ಹಚ್ಚಿ, 'ಬೇಡ' ಅನ್ನೋದರ ಕೆಳಗೆ ಒತ್ತಿ ಕಳಿಸಿದ್ದ. ನನ್ನ ಮೊಹರು! ಈ ಮನೇಲಿ ನನ್ನ ಹೆಸರಿದ್ದ ವಸ್ತು ಅದೊಂದೇ, ಕಿರುಬೆರಳಿನಷ್ಟು ಮರದ ತುಂಡು, ಒತ್ತಿದ್ರೆ ನಾನೇ ಸಹಿ ಹಾಕಿದ ಹಾಗೆ. ಕೇಳ್ದೆ. ಕಿರುಚಲಿಲ್ಲ, ಮೆಲ್ಲಗೇ ಕೇಳ್ದೆ, 'ನಂಗೆ ಒಂದು ಮಾತು ಹೇಳಬಾರದಿತ್ತಾ?' ಅದಕ್ಕೆ ಏನಂದ ಗೊತ್ತಾ? 'ಅಮ್ಮ ಹೀಗೆ ಮಲಗಿದಾಗ ನೀನು ಹೇಗೆ ಹೋಗ್ತೀಯ? ಹೇಳಬೇಕಿತ್ತಾ ಅದನ್ನ? ಹೇಳ್ದಿದ್ರೂ ನಿಂಗೆ ಗೊತ್ತಾಗತ್ತೆ ಅಂದ್ಕೊಂಡೆ.'

ಹೇಳ್ದಿದ್ರೂ ಗೊತ್ತಾಗತ್ತೆ! ನೀವು ಅದಕ್ಕೇ ಅಲ್ವಾ ಸಮುದ್ರ ದಾಟಿ ಬರೋದು, ನೋಡಕ್ಕೆ? ನೋಡು, ಇದೇ ಅದು. ಸರಿಯಾಗಿ ನೋಡ್ಕೋ.

ಅವತ್ತಿನಿಂದ ಇಪ್ಪತ್ತಾರು ವರ್ಷ, ಈ ಮನೇಲಿ ಗಂಡಹೆಂಡತಿ ಮಧ್ಯೆ ಮಾತಿಲ್ಲ. ಕಲ್ಲಿನ ಜೊತೆ ಸಂಸಾರ ಮಾಡ್ದೆ ಕಣಮ್ಮಾ ನಾನು, ಕಲ್ಲಿನ ಜೊತೆ. ಬರ್ಕೋ ಬೇಕಾದ್ರೆ. ಎಂಥ ಹಠದ ಗಂಡಸು ಅಂದ್ರೆ...

ಏನು? ಏನೂ ಇಲ್ಲ, ಗಾಳಿ. ಒಳಬಾಗಿಲು ಹಳೇದು, ಕಿರ್ ಅನ್ನತ್ತೆ. ಏನು ಹೇಳ್ತಿದ್ದೆ... ಹಾಂ, ಹಠ. ಅವರಪ್ಪನೂ ಹಾಗೇ, ಮರ ಕಡಿಯೋ ಜನ ಅಲ್ವಾ, ಕಾಡಲ್ಲೇ ಇದ್ದು ಇದ್ದು ಮರದ ಹಾಗೇ...

ಯಾಕೆ ಆ ಕಡೆ ನೋಡ್ತೀಯ? ನನ್ನ ಕಡೆ ನೋಡು. ಇನ್ನೊಂದು ಬಟ್ಟಲು ಹಾಕ್ಲಾ?

...ಕೇಳಿಸ್ತಾ ನಿಂಗೆ.

ಭಾಷೆ ಕಲ್ತುಬಿಟ್ಟಿದ್ದೀಯಲ್ಲ ಈಗ, ಅದೇ ಕಷ್ಟ. 'ಓಯ್ ಹಿಸಾಯೋ, ಉಣ್ಣೆ ಕಾಲುಚೀಲ ಎಲ್ಲಿದೆ?' ಅಂದ್ರು. ಹೂಂ. ಅಷ್ಟೇ ಅಂದಿದ್ದು. ಆಸ್ಪತ್ರೆ ಚೀಲಕ್ಕೆ ತುಂಬ್ತಿದಾರೆ. ದನಿ ನೋಡು, ಒಣಗಿದ ಬಿದಿರು ಸೀಳಿದ ಹಾಗೆ. ಎರಡನೇ ಸಲ ಕೇಳಿದ್ರು. ಬರ್ಕೊಳ್ಳೋದು ಯಾಕೆ ನಿಲ್ಲಿಸ್ದೆ?

ಹಾಗೆ ನೋಡಬೇಡ ನನ್ನ.

ಹೌದು. ಆಡ್ತಾರೆ. ದಿನಾ ಆಡ್ತಾರೆ. ಸಾಕಾ? ಇಪ್ಪತ್ತಾರು ವರ್ಷದಿಂದ, ಮನೇಲಿ ಬೇರೆ ಯಾರೂ ಇಲ್ಲದಾಗ, ಆ ಮನುಷ್ಯ ದಿನಾ ನನ್ನ ಮಾತಾಡಿಸ್ತಾರೆ. 'ಇವತ್ತು ಹಿಮ ಬೇಗ ಬಿತ್ತು.' 'ಮೇಲಿನ ಗುಡ್ಡದಲ್ಲಿ ಕರಡಿ ಹೆಜ್ಜೆ ಇತ್ತು, ಹುಷಾರು.' 'ಸಾರು ಚೆನ್ನಾಗಿದೆ.' ನಾನು? ನಾನು ಬೆಕ್ಕಿಗೆ ಹೇಳ್ತಿದ್ದೆ, ಊಟ ಆಯ್ತು, ನೀರು ಕಾದಿದೆ ಅಂತ. ಅವರಿಗೆ ಕೇಳೋ ಹಾಗೆ, ಬೆಕ್ಕಿಗೆ. ಬೆಕ್ಕು ಸತ್ತ ಮೇಲೆ ಕೆಟಲ್‌ಗೆ. ನೀನು ಬರ್ದಿದ್ದೀಯಲ್ಲ, ಒಂದು ಅಧ್ಯಾಯ ಪೂರ್ತಿ, 'ಈ ಅಜ್ಜಿ ಕೆಟಲ್ ಜೊತೆ ಮಾತಾಡುತ್ತಾಳೆ, ಇವರಿಗೆ ವಸ್ತುಗಳಲ್ಲೂ ಜೀವ ಕಾಣುತ್ತದೆ' ಅಂತ. ಮೇಷ್ಟ್ರು ಅದನ್ನ ಓದುವಾಗ ಅವರೂ ಇಲ್ಲೇ ಕೂತಿದ್ರು, ನನ್ನ ಪಕ್ಕ. ತಲೆ ಎತ್ತಲಿಲ್ಲ. ಬೇರು ಬಿಟ್ಟ ಹಾಗೆ ಕೂತಿದ್ರು.

ನಿಮ್ಮ ಮುಂದೆ ಯಾಕೆ ಸುಮ್ಮನಿರ್ತಿದ್ರು ಅಂತೀಯಾ? ನೀನು ಕೇಳಲಿಲ್ಲ, ಆದ್ರೂ ಕೇಳಿದ ಹಾಗೇ ಇದೆ. ಅತಿಥಿಗಳ ಮುಂದೆ ಅವರು ಮಾತಾಡಿಸಿ, ನಾನು ಉತ್ತರ ಕೊಡದೆ ಹೋದ್ರೆ ಎಲ್ಲರಿಗೂ ತಿಳಿದುಹೋಗತ್ತಲ್ಲ, ಇವಳು ಎಂಥ ಹೆಂಗಸು ಅಂತ. ಅದಕ್ಕೆ. ನನ್ನ ಮುಖ ಉಳಿಸಕ್ಕೆ ತಾವು ಮೂಗರಾದ್ರು. ನೀವೆಲ್ಲ ಹಾ ಅಂತ ಉಸಿರು ಬಿಟ್ಟಿದ್ದು ಅದಕ್ಕೆ. ಇವತ್ತು ನೀನು ಇಲ್ಲಿರೋದು ಗೊತ್ತು, ಗೊತ್ತಿದ್ದೂ ಕರೀತಿದಾರೆ. ನಾಳೆ ಕರೆಯಕ್ಕಾಗಲ್ಲ ಅಂತ.

ಒಂದು ಸಲ ತಪ್ಪಾಯ್ತು ಅಂದ್ರು. ಅತ್ತೆ ಹೋದ ವರ್ಷ. ನಾನು ಅಕ್ಕಿ ತೊಳೀತಿದ್ದೆ. ಹಿಂದೆ ಬಂದು ನಿಂತು, 'ಹಿಸಾಯೋ, ಆ ಮೊಹರಿನ ವಿಷಯ... ನಂದು ತಪ್ಪಾಯ್ತು' ಅಂದ್ರು. ಆ ಒಂದು ಮಾತಿಗೇ ಕಾದಿದ್ದೆ ನಾನು, ನಾಲ್ಕು ವರ್ಷ ಕಾದಿದ್ದೆ. ಬಂತಲ್ಲ ಮಾತು, ತಿರುಗಬೇಕಲ್ವಾ? ಅಕ್ಕಿ ತೊಳೆದೆ. ನೀರು ಚೆಲ್ಲಿ ಇನ್ನೊಂದು ನೀರು ಹಾಕ್ದೆ. ಅದೂ ಚೆಲ್ಲಿದೆ. ನೀರು ತಿಳಿಯಾದ್ರೂ ತೊಳೀತಾನೇ ಇದ್ದೆ, ಅವರು ಹೋಗೋ ತನಕ. ಯಾಕೆ ಅಂತ ಕೇಳಬೇಡ. ಅಷ್ಟು ಹೊತ್ತಿಗೆ ಬಾಗಿಲು ಬಿಗಿದುಹೋಗಿತ್ತು, ನನ್ನ ಕೈಗೂ ಬರ್ತಿರಲಿಲ್ಲ.

ಅಗೋ, ಕಾರು. ತಿರುವಲ್ಲಿ ಸದ್ದು.

ಮೂರನೇ ಸಲ ಕೇಳ್ತಿದಾರೆ... ಬೀರ್ಗಿತ್, ನೀನೇ ಹೋಗಿ ಹೇಳಮ್ಮಾ. ಬೀರುವಿನ ಎರಡನೇ ಖಾನೆ, ಎಡಗಡೆ, ಬೂದು ಬಣ್ಣದ್ದು. ಏಳು. ಏಳೇ! ...ಏಳಲ್ವಾ? ಕಾಲು ಜೋಮು ಹಿಡೀತಾ? ಇಲ್ವಾ? ಮತ್ತೆ? ...ಏನಾದ್ರೂ ಅನ್ನು. ಬೈ ಬೇಕಾದ್ರೆ. ಕೆಟ್ಟ ಮುದುಕಿ ಅನ್ನು, ಇಷ್ಟು ದಪ್ಪ ಪುಸ್ತಕ ಬರೆದೋಳಿಗೆ ಒಂದು ಮಾತು ಸಿಗಲ್ವಾ? ನಾನು ಕೇಳ್ತಾ ಇದೀನಿ, ನೀನು ಸುಮ್ಮನೆ ಕೂತು ನನ್ನ...

ಓ.

ಹೀಗಿರತ್ತಾ ಇದು.

ಒಂದು ಗಳಿಗೆ ನಂಗೆ ತಡ್ಕೊಳಕ್ಕಾಗಲಿಲ್ಲ ಕಣಮ್ಮಾ. ಒಂದು ಗಳಿಗೆ.

ಸರಿ, ಕೈ ಕೊಡು, ಮೊಣಕಾಲು ಏಳಲ್ಲ. ಹಾಂ. ಬಿಡು, ಇಲ್ಲಿ ತನಕ ಸಾಕು, ಬಾಗಿಲು ನಾನೇ ಸರಿಸ್ತೀನಿ. ನೀನು ಜಗಲಿ ಕಡೆ ಹೋಗು, ಕಾರಿನೋನಿಗೆ ಸ್ವಲ್ಪ ಇರು ಅನ್ನು.

...ರೀ.

ರೀ, ಎರಡನೇ ಖಾನೆ. ಎಡಗಡೆ. ಬೂದು ಬಣ್ಣದ್ದು, ನಾನೇ ಹೆಣೆದಿದ್ದು... ಸಿಕ್ತಾ? ಆಸ್ಪತ್ರೇಲಿ ನೆಲ ತಣ್ಣಗಿರತ್ತೆ, ಎರಡು ಜೊತೆ ಇಟ್ಕೊಳ್ಳಿ... ರೀ? ಕೇಳಿಸ್ತಾ? ಯಾಕೆ ಹಾಗೆ ನಿಂತ್ರಿ, ನಾನೇ ರೀ. ಕೆಟಲ್‌ಗಲ್ಲ, ನಿಮಗೇ ಹೇಳ್ತಿರೋದು...

ರೀ... ಮಾತಾಡ್ರೀ.